ಕೊನೆಗೆ ಉಣ್ಣುವವಳ ಮಗು

ವರದಕ್ಷಿಣೆ ಹಿಂಸೆ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಸೀಮೆಎಣ್ಣೆ, ಬೆಂಕಿಕಡ್ಡಿ, ಬಾವಿ, ನೇಣಿನ ಹಗ್ಗ. ಪೊಲೀಸರ ದೂರಿನಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಕಾಣುವುದೂ ಇವೇ. ಆದರೆ ದಿನಕ್ಕೆ ಎರಡು ಹೊತ್ತು, ವರ್ಷಾನುಗಟ್ಟಲೆ, ಸದ್ದಿಲ್ಲದೆ ನಡೆಯುವ ಇನ್ನೊಂದು ಹಿಂಸೆ ಇದೆ. ಅದು ಊಟದ ತಟ್ಟೆಯ ಹಿಂಸೆ. “ತೌರಿಂದ ಏನು ತಂದಿದ್ದೀಯ ಅಂತ ಇಷ್ಟು ಉಣ್ತೀಯ?” ಎಂಬ ಒಂದು ಮಾತು ಸಾಕು, ಸೊಸೆ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ. ಯಾರೂ ಕೈ ಎತ್ತಲಿಲ್ಲ. ಗಾಯವಿಲ್ಲ, ಸಾಕ್ಷಿಯಿಲ್ಲ. ಆದರೂ ಅವಳ ಹೊಟ್ಟೆಯಲ್ಲಿರುವ ಕೂಸಿಗೆ ಪೆಟ್ಟು ಬಿದ್ದಿದೆ.

ಮಕ್ಕಳ ಅಪೌಷ್ಟಿಕತೆಯ ಮಾತು ಬಂದರೆ ಅದು ಅಂಗನವಾಡಿಗೋ ಆಸ್ಪತ್ರೆಗೋ ಸೇರಿದ್ದು ಎಂದು ಬದಿಗಿಡುತ್ತೇವೆ. ದೌರ್ಜನ್ಯದ ಮಾತು ಬಂದರೆ ಠಾಣೆ, ಕೋರ್ಟು, ಸಾಂತ್ವನ ಕೇಂದ್ರದ ಕಡೆ ನೋಡುತ್ತೇವೆ. ಇವೆರಡೂ ಒಂದೇ ಒಲೆಯ ಮುಂದೆ ಹುಟ್ಟುವ ಸಮಸ್ಯೆಗಳು ಎಂಬುದು ನನ್ನ ವಾದ. ಮಗುವಿನ ತಟ್ಟೆ ತುಂಬಬೇಕಾದರೆ ತಾಯಿಗೆ ಆ ಮನೆಯ ಕಾಳಿನ ಡಬ್ಬದ ಮೇಲೆ, ದುಡ್ಡಿನ ಮೇಲೆ, ತನ್ನ ಊಟದ ಮೇಲೆ ಹಕ್ಕಿರಬೇಕು. ಆ ಹಕ್ಕಿನ ಮಾತನ್ನು ಬಿಟ್ಟು ಬರಿಯ ಪೌಷ್ಟಿಕ ಆಹಾರದ ಉಪದೇಶ ಮಾಡಿದರೆ ಪ್ರಯೋಜನವಿಲ್ಲ.

ಮೊದಲು ನಮ್ಮ ರಾಜ್ಯದ ಸ್ಥಿತಿ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಸುಮಾರು 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. 19ಕ್ಕೂ ಹೆಚ್ಚು ಮಕ್ಕಳು ಎತ್ತರಕ್ಕೆ ತಕ್ಕ ಮೈಯಿಲ್ಲದೆ ಬಡಕಲಾಗಿದ್ದಾರೆ. 65 ಮಕ್ಕಳಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. 18ರಿಂದ 49 ವರ್ಷದ, ಮದುವೆಯಾದ ನೂರು ಹೆಂಗಸರಲ್ಲಿ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. 2015-16ರ ಸಮೀಕ್ಷೆಯಲ್ಲಿ ಹೀಗೆ ಹೇಳಿದವರು ಸುಮಾರು 21 ಮಂದಿ. ಹಿಂಸೆಯೇ ಹೆಚ್ಚಿತೋ, ಬಾಯಿ ಬಿಟ್ಟು ಹೇಳುವವರು ಹೆಚ್ಚಿದರೋ, ಎರಡೂ ಇರಬಹುದು. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಓದುವವರು ಕಡಿಮೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ನಮ್ಮ ಪಠ್ಯಪುಸ್ತಕಗಳಲ್ಲಿ ಕುಟುಂಬ ಎಂದರೆ ಒಂದು ಘಟಕ. ಇಷ್ಟು ವರಮಾನ, ಇಷ್ಟು ಜನ, ತಲೆಗಿಷ್ಟು ಎಂದು ಭಾಗಿಸಿ ಬಿಡುವುದು. ಅಮರ್ತ್ಯ ಸೇನ್ ಅಂಥವರು ಈ ಲೆಕ್ಕವನ್ನು ಪ್ರಶ್ನಿಸಿದರು. ಮನೆಯೊಳಗೆ ಸಹಕಾರ ಇರುವಂತೆ ಜಗ್ಗಾಟವೂ ಇರುತ್ತದೆ, ಆ ಜಗ್ಗಾಟದಲ್ಲಿ ಹೆಂಗಸಿನ ಕೈ ಕೆಳಗಿರುತ್ತದೆ ಎಂದು ತೋರಿಸಿದರು. ಇದನ್ನು ತಿಳಿಯಲು ನಮಗೆ ಪುಸ್ತಕ ಬೇಕಿಲ್ಲ. ಮನೆಗೆ ಬಂದ ಅಕ್ಕಿ ಯಾರ ತಟ್ಟೆಗೆ ಎಷ್ಟು ಬಿತ್ತು ಎಂಬುದು ಬಡಿಸುವವಳಿಗೆ ಗೊತ್ತು. ಮೊದಲು ಗಂಡಸರು, ಆಮೇಲೆ ಗಂಡುಮಕ್ಕಳು, ಆಮೇಲೆ ಅತ್ತೆ, ನಾದಿನಿ, ಹೆಣ್ಣುಮಕ್ಕಳು. ಕೊನೆಗೆ ಸೊಸೆ. ಅವಳ ಪಾಲಿಗೆ ತಳದ ಅನ್ನ, ಕಾಳು ಮುಗಿದು ಉಳಿದ ಸಾರಿನ ತಿಳಿ. ಪಾತ್ರೆ ಬರಿದಾಗಿದ್ದರೆ ಒಂದು ಲೋಟ ನೀರು. ಇದನ್ನು ನಾವು ಗೃಹಿಣಿಯ ತ್ಯಾಗ ಎಂದು ಹೊಗಳುತ್ತೇವೆ. ತ್ಯಾಗ ಎನ್ನಬೇಕಾದರೆ ಬೇಡ ಎನ್ನುವ ಸ್ವಾತಂತ್ರ್ಯವೂ ಇರಬೇಕಲ್ಲವೆ?

ಈ ಕೊನೆಯ ತಟ್ಟೆಗೂ ಮಗುವಿನ ಎತ್ತರಕ್ಕೂ ನೇರ ಸಂಬಂಧವಿದೆ. ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳು ಬಹಳ ಮುಖ್ಯ ಎಂದು ವೈದ್ಯರು ಹೇಳುತ್ತಾರೆ. ಮೆದುಳು, ಎಲುಬು, ರೋಗ ತಡೆಯುವ ಶಕ್ತಿ ಎಲ್ಲಕ್ಕೂ ಆಗಲೇ ತಳಪಾಯ. ಆ ಕಾಲದಲ್ಲಿ ಕಳೆದುಕೊಂಡದ್ದನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟ. ನಮ್ಮ ದೇಶದಲ್ಲಿ ಗರ್ಭ ಧರಿಸುವ ಹೊತ್ತಿಗೆ ನೂರಕ್ಕೆ 42 ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಕಡಿಮೆ ಇರುತ್ತದೆ ಎಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ನಮಗಿಂತ ಬಡ ದೇಶಗಳಿರುವ ಆಫ್ರಿಕಾ ಖಂಡದ ಸಹಾರಾದ ಕೆಳಗಿನ ಭಾಗದಲ್ಲಿ ಈ ಪ್ರಮಾಣ ನೂರಕ್ಕೆ 17ರ ಒಳಗೆ. ಬಡತನ ಒಂದೇ ಕಾರಣವಾಗಿದ್ದರೆ ಲೆಕ್ಕ ಹೀಗೆ ಬರುತ್ತಿರಲಿಲ್ಲ. ಹಳ್ಳಿಯ ಕೂಡು ಕುಟುಂಬಗಳ ಬಗ್ಗೆ ನಡೆದ ಇನ್ನೊಂದು ಅಧ್ಯಯನ ಒಂದೇ ಮನೆಯ ಅಣ್ಣತಮ್ಮಂದಿರ ಮಕ್ಕಳನ್ನು ಹೋಲಿಸಿ ನೋಡಿತು. ಕಿರಿ ಸೊಸೆಯ ಮಕ್ಕಳು ಹಿರಿ ಸೊಸೆಯ ಮಕ್ಕಳಿಗಿಂತ ಸರಾಸರಿಯಲ್ಲಿ ಕುಳ್ಳಗಿದ್ದರು. ಅದೇ ಹೊಲ, ಅದೇ ಒಲೆ, ಅದೇ ಬಾವಿಯ ನೀರು. ಬೇರೆಯಾಗಿದ್ದುದು ಆ ಮನೆಯಲ್ಲಿ ತಾಯಿಗಿದ್ದ ಸ್ಥಾನ.

ಇನ್ನು ಬಸುರಿ ಬಾಣಂತಿಯರ ಪಥ್ಯದ ಮಾತು. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಬಸುರಿಯ ಊಟ ಕಡಿಮೆ ಮಾಡುವ ಮನೆಗಳಿವೆ. ಬಾಣಂತಿಗೆ ಸೊಪ್ಪು ಥಂಡಿ, ಹಣ್ಣು ಥಂಡಿ, ಕಾಳು ವಾಯು ಎಂದು ಬರಿಯ ಅನ್ನ, ಮೆಣಸಿನ ಸಾರು ಹಾಕಿ ತಿಂಗಳುಗಟ್ಟಲೆ ಮಲಗಿಸುವ ಮನೆಗಳಿವೆ. ಗಂಡು ಹೆತ್ತವಳಿಗೆ ಕೊಬ್ಬರಿ, ತುಪ್ಪ, ಅಂಟಿನುಂಡೆ. ಎರಡನೆಯದೂ ಹೆಣ್ಣೇ ಹೆತ್ತವಳಿಗೆ ಹದಿನೈದು ದಿನಕ್ಕೆ ಬಾಣಂತನ ಮುಗಿಯುತ್ತದೆ. ಮೂಢನಂಬಿಕೆ ಎಲ್ಲರ ಮನೆಯಲ್ಲೂ ಇದ್ದೀತು. ಆದರೆ ಅದರ ಭಾರ ಬೀಳುವುದು ಯಾರ ಮೇಲೆ ಎಂದು ನೋಡಿದರೆ ಆ ಮನೆಯ ತಕ್ಕಡಿ ಎತ್ತ ತೂಗುತ್ತದೆ ಎಂದು ತಿಳಿಯುತ್ತದೆ.

ಹೊಟ್ಟೆ ತುಂಬುವುದೇ ಬೇರೆ, ಮೈ ಬೆಳೆಯುವುದೇ ಬೇರೆ. ಇದನ್ನು ನಾವೆಲ್ಲ ಸ್ಪಷ್ಟವಾಗಿ ತಿಳಿಯಬೇಕು. ಆರು ತಿಂಗಳ ತನಕ ಕೂಸಿಗೆ ಎದೆಹಾಲು ಒಂದೇ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಆಹಾರವನ್ನು ಎಂಟು ಗುಂಪು ಮಾಡಿದೆ: ಎದೆಹಾಲು, ಅಕ್ಕಿ ರಾಗಿ ಜೋಳದಂಥ ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಶೇಂಗಾದಂಥವು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಸಿರು ಸೊಪ್ಪು, ಕ್ಯಾರೆಟ್, ಪಪ್ಪಾಯಿ, ಮಾವಿನಂಥ ತರಕಾರಿ ಹಣ್ಣು, ಉಳಿದ ತರಕಾರಿ ಹಣ್ಣು. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ದಿನಕ್ಕೆ ಇವುಗಳಲ್ಲಿ ಐದು ಗುಂಪಾದರೂ ಸಿಗಬೇಕು. ನಮ್ಮ ಮಕ್ಕಳಿಗೆ ಸಿಗುವುದೇನು? ಅನ್ನ, ತಿಳಿಸಾರು, ಒಂದು ಬಿಸ್ಕತ್ತು, ಚಹಾ. ಬೆಳೆಯುವ ಮಗುವಿನ ಹೊಟ್ಟೆ ಚಿಕ್ಕದು. ಒಂದು ಬಟ್ಟಲು ತಿಳಿಸಾರಿನ ಅನ್ನಕ್ಕೆ ಅದು ತುಂಬಿಹೋಗುತ್ತದೆ, ಅಳುವುದು ನಿಲ್ಲುತ್ತದೆ, ಮೈ ಮಾತ್ರ ಬೆಳೆಯುವುದಿಲ್ಲ. 2019-21ರ ಸಮೀಕ್ಷೆಯಲ್ಲಿ ದೇಶದ ಈ ವಯಸ್ಸಿನ ನೂರು ಮಕ್ಕಳಲ್ಲಿ ಸಾಕಷ್ಟು ಬಗೆಯ ಆಹಾರ ಸಾಕಷ್ಟು ಸಲ ಸಿಗುತ್ತಿದ್ದುದು 11 ಮಕ್ಕಳಿಗೆ ಮಾತ್ರ. ಉಳಿದ 89 ಮಕ್ಕಳೂ ಉಪವಾಸವಿದ್ದವರಲ್ಲ. ಉಂಡೂ ಹಸಿದವರು ಅವರಲ್ಲಿ ಎಷ್ಟೋ ಮಂದಿ.

ಈ ಬಗೆಬಗೆಯ ಆಹಾರ ಎಂಬುದು ನಮಗೆ ಪಟ್ಟಣದವರು ಬಂದು ಕಲಿಸಬೇಕಾದ ವಿದ್ಯೆಯಲ್ಲ. ಬಯಲುಸೀಮೆಯ ರಾಗಿ ಹೊಲದಲ್ಲಿ ನಮ್ಮ ಅಜ್ಜಿಯರು ಅಕ್ಕಡಿ ಸಾಲು ಇಡುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಒಂದಿಷ್ಟು ಜೋಳ. ರಾಗಿ ಕೈಕೊಟ್ಟರೂ ಕಾಳು ಕೈಬಿಡುತ್ತಿರಲಿಲ್ಲ. ಕಳೆ ಕೀಳಲು ಹೋದವಳು ಮಡಿಲಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನೆ ಸೊಪ್ಪು ತರುತ್ತಿದ್ದಳು. ಅದೇ ಬೆರಕೆ ಸೊಪ್ಪಿನ ಸಾರು. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಹಾಲಿಲ್ಲದ ಮನೆಯ ಮಗುವಿಗೂ ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಸಿಗುತ್ತಿತ್ತು. ಪಾಲಿಷ್ ಅಕ್ಕಿಯಲ್ಲಿ ಅದು ಹೆಸರಿಗೆ ಮಾತ್ರ.

ಈ ಅಕ್ಕಡಿ ಸಾಲು ಹೆಂಗಸರ ಸಾಲಾಗಿತ್ತು ಎಂಬುದನ್ನು ಗಮನಿಸಿ. ಅದರ ಬೀಜ ಮಡಕೆಯಲ್ಲಿ ಬೂದಿ ಹಾಕಿ ಇಟ್ಟವಳು ಹೆಂಗಸು. ಅದರ ಕಾಳು ಮಂಡಿಗೆ ಹೋಗುತ್ತಿರಲಿಲ್ಲ, ಅಡಿಗೆಮನೆಗೆ ಬರುತ್ತಿತ್ತು. ಹೊಲಕ್ಕೆ ಒಂದೇ ಬೆಳೆ, ಅದೂ ಮಾರುವ ಬೆಳೆ ಬಂದಾಗ ಅಕ್ಕಡಿ ಸಾಲು ಹೋಯಿತು. ಕೋಲಾರದ ಕಡೆ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಕಳೆನಾಶಕ ಹೊಡೆದಾಗ ಕಳೆಯ ಜೊತೆ ಸೊಪ್ಪೂ ಸುಟ್ಟಿತು. ಬೆಳೆಯ ಹಣ ಬಂತು ನಿಜ, ಬಂದದ್ದು ಗಂಡಸಿನ ಜೇಬಿಗೆ. ಕೇಳದೆ ಸಿಗುತ್ತಿದ್ದ ಕಾಳಿಗೆ, ಸೊಪ್ಪಿಗೆ ಈಗ ಕೈಚಾಚಿ ದುಡ್ಡು ಕೇಳಬೇಕಾಯಿತು. ಹಾಲಿನ ಕತೆಯೂ ಇದೇ. ಹಸುವಿನ ಮೈತೊಳೆದು, ಹುಲ್ಲು ಹೊತ್ತು ತಂದು, ಹಾಲು ಕರೆಯುವವಳು ಅವಳು. ಎರಡು ಹೊತ್ತೂ ಅಷ್ಟನ್ನೂ ಡೈರಿಗೆ ಹಾಕಿ ಬಂದು ಮಗುವಿಗೆ ಕರಿ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವ ಮನೆಗಳನ್ನು ನಾನು ಎಷ್ಟೋ ಊರಲ್ಲಿ ನೋಡಿದ್ದೇನೆ. ಸಂಜೆ ಅದೇ ಹಾಲಿನ ದುಡ್ಡು ಹೆಂಡದಂಗಡಿಗೆ ಹೋದರೆ ಕೇಳಿದವಳಿಗೆ ಏಟು.

ವರದಕ್ಷಿಣೆ ಮಗುವಿನ ತಟ್ಟೆಗೆ ಕೈಹಾಕುವ ಇನ್ನೊಂದು ದಾರಿ ಸಾಲ. ಈ ಮಾತು ನಮ್ಮ ಸಂಘಗಳಿಗೂ ಸೇರಿದ್ದು, ಆದ್ದರಿಂದ ನಿಷ್ಠುರವಾಗಿ ಹೇಳುತ್ತೇನೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಇವತ್ತಿಗೂ ಹಿರಿಮಗಳ ಮದುವೆಗೆಂದು ಸಂಘದಲ್ಲಿ ಒಂದು ಸಾಲ, ಕಿರುಸಾಲದ ಕಂಪನಿಗಳಲ್ಲಿ ಎರಡು ಸಾಲ ಎತ್ತುತ್ತಾರೆ. ಪುಸ್ತಕದಲ್ಲಿ ಬರೆಯುವುದು ಕುರಿ ಸಾಕಣೆ, ಹಸು, ಸಣ್ಣ ಅಂಗಡಿ ಎಂದು. ಕೊಂಡದ್ದು ಬೀಗರಿಗೆ ಬೈಕು, ಅಳಿಯನಿಗೆ ಉಂಗುರ. ಕುರಿ ಕೊಂಡಿದ್ದರೆ ಕುರಿ ಕಂತು ಕಟ್ಟುತ್ತಿತ್ತು. ಬೈಕಿನ ಕಂತು ಎಲ್ಲಿಂದ ಬರಬೇಕು? ಬಾಡಿಗೆ ಬಿಡುವಂತಿಲ್ಲ, ಕರೆಂಟು ಬಿಲ್ಲು ಬಿಡುವಂತಿಲ್ಲ. ವಾರದ ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂರುತ್ತಾರೆ. ಕಡಿತ ಮಾಡಿದರೂ ಕೇಳುವವರಿಲ್ಲದ ಖರ್ಚು ಒಂದೇ, ಅಡಿಗೆಮನೆಯ ಖರ್ಚು. ಮೊದಲು ಹೋಗುವುದು ಮೊಟ್ಟೆ, ಆಮೇಲೆ ಹಾಲು, ಆಮೇಲೆ ತರಕಾರಿ, ಕೊನೆಗೆ ಬೇಳೆ. ಉಳಿಯುವುದು ಪಡಿತರದ ಅಕ್ಕಿ. ಹೀಗೆ ಅಕ್ಕನ ವರದಕ್ಷಿಣೆಯನ್ನು ಮೂರು ವರ್ಷದ ತಮ್ಮ ತಂಗಿ, ಇಲ್ಲವೆ ಮನೆಯ ಮೊಮ್ಮಗು ತನ್ನ ತಟ್ಟೆಯಿಂದ ತೀರಿಸುತ್ತದೆ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದು ವಸೂಲಿಗಾರನ ದಬ್ಬಾಳಿಕೆಯನ್ನು ತಡೆದೀತು. ಬೀಗರ ದಬ್ಬಾಳಿಕೆಯನ್ನು ತಡೆಯಬೇಕಾದವರು ನಾವು.

ಹೊಡೆತಕ್ಕೂ ಮಗುವಿನ ಆಹಾರಕ್ಕೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. 1998-99ರ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಗಂಡನಿಂದ ಮತ್ತೆ ಮತ್ತೆ ಹೊಡೆತ ತಿಂದ ಹೆಂಗಸರಲ್ಲಿ ರಕ್ತಹೀನತೆಯೂ ಕಡಿಮೆ ತೂಕವೂ ಹೆಚ್ಚು ಎಂದು ಕಂಡುಕೊಂಡಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊಟ ತಡವಾಯಿತು ಎಂದು ತಟ್ಟೆ ಎಸೆದ ರಾತ್ರಿ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹೆದರಿದ ಮಗು ತುತ್ತು ನುಂಗುವುದಿಲ್ಲ. ನಿದ್ದೆಯಿಲ್ಲದ, ಮೈಕೈ ನೊಂದ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದಿನಕ್ಕೆ ಮೂರು ನಾಲ್ಕು ಸಲ ಉಣಿಸುವಳೆಂದು ನಿರೀಕ್ಷಿಸುವುದು ಹೇಗೆ? ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆಂದು ಆಸ್ಪತ್ರೆಗಳಲ್ಲಿ ಪುನಶ್ಚೇತನ ಕೇಂದ್ರಗಳಿವೆ. ಅಲ್ಲಿ ತಾಯಿ ಮಗು ಹದಿನಾಲ್ಕು ದಿನ ಇರಬೇಕಾಗುತ್ತದೆ. ಆ ಹದಿನಾಲ್ಕು ದಿನ ಮನೆಯಲ್ಲಿ ಅಡಿಗೆ ಮಾಡುವವರಾರು, ದನ ನೋಡುವವರಾರು ಎಂದು ಕಳಿಸದೆ ಉಳಿಸಿಕೊಂಡ ಮನೆಗಳಿವೆ. ಸರ್ಕಾರದ ಹಾಸಿಗೆ ಖಾಲಿಯಿದ್ದರೂ ಮಗುವಿಗೆ ಚಿಕಿತ್ಸೆಯಿಲ್ಲ, ಏಕೆಂದರೆ ತಾಯಿಗೆ ಅಪ್ಪಣೆಯಿಲ್ಲ.

ಇಷ್ಟೆಲ್ಲ ಇದ್ದೂ ಸಭೆಗಳಲ್ಲಿ ಕೇಳುವ ಮಾತು “ತಾಯಂದಿರಿಗೆ ತಿಳುವಳಿಕೆ ಇಲ್ಲ” ಎಂದು. ಇದನ್ನು ನಾನು ಒಪ್ಪುವುದಿಲ್ಲ. ಮೊಟ್ಟೆ ಒಳ್ಳೆಯದು, ಸೊಪ್ಪು ಒಳ್ಳೆಯದು ಎಂದು ಗೊತ್ತಿಲ್ಲದ ತಾಯಿ ಯಾವ ಊರಲ್ಲಿದ್ದಾಳೆ? ಗಟ್ಟಿ ಬೇಳೆ ಮಗುವಿಗೆ ಹಾಕಬೇಕು, ಒಂದು ಚಮಚ ಎಣ್ಣೆಯೋ ತುಪ್ಪವೋ ಬೆರೆಸಬೇಕು, ದಿನಕ್ಕೆ ಹಲವು ಸಲ ಉಣಿಸಬೇಕು ಎಂಬ ಮಾತು ಹೇಳುವುದು ಅಗತ್ಯವೇ. ಐದು ರೂಪಾಯಿಯ ಕುರುಕಲು ಪೊಟ್ಟಣ ಊಟವಲ್ಲ ಎಂದೂ ಹೇಳಬೇಕು. ಆದರೆ ಅದನ್ನು ಅವಳೊಬ್ಬಳಿಗೇ ಏಕೆ ಹೇಳುತ್ತೀರಿ? ಗಂಡನನ್ನು, ಅತ್ತೆಮಾವಂದಿರನ್ನು ಆ ಸಭೆಗೆ ಕರೆಯಿರಿ. ಕೀಲಿಕೈ ಯಾರ ಸೊಂಟದಲ್ಲಿದೆಯೋ ಅವರಿಗೆ ಮೊದಲು ಪಾಠವಾಗಲಿ.

ಸರ್ಕಾರ ಏನೂ ಮಾಡಿಲ್ಲ ಎಂದೂ ನಾನು ಹೇಳುವುದಿಲ್ಲ. ಆದರೆ ಆದದ್ದೆಲ್ಲ ಕೇಳಿದ್ದರಿಂದ, ಹೋರಾಡಿದ್ದರಿಂದ ಆದದ್ದು. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಮೊದಲ ಪ್ರಯೋಗದ ತಾಲ್ಲೂಕುಗಳಲ್ಲಿ ಒಂದು. ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಆಹಾರದ ಹಕ್ಕಿಗಾಗಿ ಹಾಕಿದ ಮೊಕದ್ದಮೆಯಲ್ಲಿ. ರಾಯಚೂರು ಜಿಲ್ಲೆಯ ಮಕ್ಕಳ ಸಾವಿನ ಸುದ್ದಿಗಳು 2011ರಲ್ಲಿ ಬಂದ ಮೇಲೆ ನಮ್ಮ ಹೈಕೋರ್ಟು ತಾನಾಗಿ ವಿಚಾರಣೆ ಕೈಗೆತ್ತಿಕೊಂಡಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 2013ರ ಆಹಾರ ಭದ್ರತಾ ಕಾಯಿದೆ ಬಸುರಿ, ಬಾಣಂತಿ, ಮಕ್ಕಳ ಊಟವನ್ನು ದಾನವಲ್ಲ, ಹಕ್ಕು ಎಂದಿತು. ಅದೇ ವರ್ಷ ರಾಜ್ಯದಲ್ಲಿ ಅನ್ನಭಾಗ್ಯ, ಕ್ಷೀರಭಾಗ್ಯ, 2017ರಲ್ಲಿ ಮಾತೃಪೂರ್ಣ. ಅನ್ನಭಾಗ್ಯದಿಂದ ಒಲೆ ಆರದೆ ಉಳಿಯಿತು, ಅದನ್ನು ಹಗುರವಾಗಿ ಮಾತಾಡುವವರು ಹಸಿವು ಕಂಡವರಲ್ಲ. ಆದರೆ ಅಕ್ಕಿಯೊಂದರಿಂದಲೇ ಮಗು ಬೆಳೆಯದು. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿದಾಗ ಈ ಮಾತನ್ನು ಸರ್ಕಾರವೂ ಒಪ್ಪಿದಂತಾಯಿತು. ಪಡಿತರದಲ್ಲಿ ಬೇಳೆ, ರಾಗಿ, ಜೋಳ ನಿಲ್ಲದೆ ಬರುವಂತೆ ಕೇಳುವುದು ನಮ್ಮ ಕೆಲಸ. ಶಾಲೆಯ ಮೊಟ್ಟೆಯ ಬಗ್ಗೆ ಎದ್ದ ಗದ್ದಲವೂ ನಿಮಗೆ ನೆನಪಿರಬಹುದು. ತಿನ್ನುವ ಮಕ್ಕಳಿಗೆ ಮೊಟ್ಟೆ, ಬೇಡ ಎನ್ನುವ ಮಕ್ಕಳಿಗೆ ಬಾಳೆಹಣ್ಣು ಎಂಬ ಕ್ರಮ ನ್ಯಾಯವಾಗಿಯೇ ಇದೆ. ಒಬ್ಬರ ಮಡಿಗಾಗಿ ಇನ್ನೊಬ್ಬರ ಮಗು ಸೊರಗಬಾರದು.

ಕಾಗದದ ಮೇಲೆ ಹೆಂಗಸು ಈಗ ಯಜಮಾನಿ. 2013ರ ಕಾಯಿದೆಯಂತೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. 2023ರಲ್ಲಿ ಬಂದ ಗೃಹಲಕ್ಷ್ಮಿಯ ಎರಡು ಸಾವಿರವೂ ಅವಳ ಹೆಸರಿಗೇ. ಇದು ದೊಡ್ಡ ಮಾತು. ಆದರೆ ಕೂಡು ಕುಟುಂಬದಲ್ಲಿ ಆ ಹೆಸರು ಅತ್ತೆಯದು. ಎಳೆ ಕೂಸಿನ ತಾಯಿ ಸೊಸೆ. ಇಲ್ಲಿ ನಮ್ಮ ಅತ್ತೆಯಂದಿರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬಹಳ ಮಂದಿ ಈಗ ಅತ್ತೆಯಾಗುವ ವಯಸ್ಸಿನವರೇ. ನಾವು ಸೊಸೆಯಾಗಿದ್ದಾಗ ಉಂಡದ್ದನ್ನೇ ಅವಳೂ ಉಣ್ಣಲಿ ಎಂದರೆ ಈ ಸಾಲು ಮುಗಿಯುವುದಿಲ್ಲ.

ಕಾನೂನಿನ ಒಂದು ವಿಷಯ ಎಲ್ಲರೂ ತಿಳಿದಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಹಿಂಸೆ ಎಂದರೆ ಹೊಡೆತ ಮಾತ್ರವಲ್ಲ. ಹೆಂಡತಿ ಮಕ್ಕಳ ಮನೆವಾರ್ತೆಯ ಅಗತ್ಯಗಳಿಗೆ ಹಣ ಕೊಡದಿರುವುದು, ಅವಳ ಸ್ತ್ರೀಧನವನ್ನು ಕಿತ್ತುಕೊಳ್ಳುವುದು ಆರ್ಥಿಕ ದೌರ್ಜನ್ಯ. ಮಗುವಿನ ಹಾಲಿಗೆ ದುಡ್ಡು ಕೊಡದ ಗಂಡನ ಮೇಲೆ ದೂರು ಕೊಡಬಹುದು, ಜೀವನಾಂಶ ಕೇಳಬಹುದು. ಇನ್ನೂ ಒಂದು ಸಂಗತಿ: ಈ ಕಾಯಿದೆಯ ಸಂರಕ್ಷಣಾಧಿಕಾರಿಗಳಾಗಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ ನೇಮಿಸಿದ್ದಾರೆ. ಅಂಗನವಾಡಿಯ ತೂಕದ ಪುಸ್ತಕ ನೋಡುವವರೂ ಅವರೇ, ಹೊಡೆತ ತಿಂದವಳ ದೂರು ಬರೆದುಕೊಳ್ಳಬೇಕಾದವರೂ ಅವರೇ. ಒಂದೇ ಕಚೇರಿ, ಒಂದೇ ಮೇಜು. ಆದರೆ ಮಗುವಿನ ತೂಕ ಇಳಿದಾಗ ತಾಯಿಯ ಸ್ಥಿತಿ ಏನೆಂದು ಕೇಳುವ, ತಾಯಿ ದೂರು ತಂದಾಗ ಮಗುವನ್ನು ತೂಗುವ ಪದ್ಧತಿ ಬರಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಹಣವೂ ಬೇಡ.

ಹಾಗಾದರೆ ಸಂಘಗಳು ಏನು ಮಾಡಬಹುದು? ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ತಟ್ಟೆಯ ಲೆಕ್ಕವನ್ನೂ ಕೇಳಿ. ನಿನ್ನೆ ಯಾರು ಕೊನೆಗೆ ಉಂಡರು, ಏನು ಉಂಡರು, ಮಗು ಎಷ್ಟು ಬಗೆ ಉಂಡಿತು ಎಂದು ಒಬ್ಬೊಬ್ಬರೂ ಹೇಳಲಿ. ಬಸುರಿ, ಬಾಣಂತಿ ಮೊದಲು ಉಣ್ಣಬೇಕು ಎಂದು ಸಂಘದ ನಿಯಮ ಮಾಡಿ. ಸಂಘದ ಸಾಲ ವರದಕ್ಷಿಣೆಗೆ ಇಲ್ಲ ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಡೈರಿಗೆ ಹಾಕುವ ಮುಂಚೆ ಮಗುವಿನ ಲೋಟ ತುಂಬಲಿ. ತಿಂಗಳಿಗೊಮ್ಮೆ ಇಬ್ಬರು ಸದಸ್ಯರು ಅಂಗನವಾಡಿಗೆ ಹೋಗಿ ತೂಕದ ಪುಸ್ತಕ ನೋಡಿ, ಬಾಲವಿಕಾಸ ಸಮಿತಿಯಲ್ಲಿ ಮೊಟ್ಟೆಯ ಲೆಕ್ಕ ಕೇಳಿ. ಅಂಗನವಾಡಿ ಕಾರ್ಯಕರ್ತೆಯನ್ನು ಬಯ್ಯಬೇಡಿ, ಅವರೂ ಕಡಿಮೆ ಗೌರವಧನಕ್ಕೆ ದುಡಿಯುವ ನಮ್ಮ ಅಕ್ಕತಂಗಿಯರೇ. ಮಗುವಿನ ತೋಳಳತೆ ಪಟ್ಟಿ ಕೆಂಪು ತೋರಿಸಿದರೆ, ಎಂದರೆ ಆರು ತಿಂಗಳು ದಾಟಿದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ತಡಮಾಡದೆ ಆಸ್ಪತ್ರೆಗೆ ಕಳಿಸಿ. ತಾಯಿಗೆ ಅಪ್ಪಣೆ ಸಿಗದಿದ್ದರೆ ನಾಲ್ಕು ಜನ ಆ ಮನೆಗೆ ಹೋಗಿ ಕೂರಿ. ಆ ಹದಿನಾಲ್ಕು ದಿನ ದನಕ್ಕೆ ಹುಲ್ಲು ಹಾಕುವ ಸರದಿಯನ್ನು ಸಂಘವೇ ವಹಿಸಿಕೊಳ್ಳಲಿ. ಹೊಡೆತವಿದ್ದರೆ 181ಕ್ಕೆ ಫೋನು ಮಾಡಿ. ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ, ನಾಲ್ಕು ಕೋಳಿ, ಹೊಲದಲ್ಲಿ ನಾಲ್ಕು ಅಕ್ಕಡಿ ಸಾಲು ಇಡಿ. ಅದರ ಮೊಟ್ಟೆ, ಕಾಳು, ಸೊಪ್ಪು ಮಾರುವುದಕ್ಕಲ್ಲ, ಉಣ್ಣುವುದಕ್ಕೆ.

ಒಬ್ಬಳೇ ಸೊಸೆ ತನ್ನ ಮನೆಯಲ್ಲಿ ಮೊದಲು ತಟ್ಟೆ ಹಾಕಿಕೊಂಡು ಕೂತರೆ ಅದು ಜಗಳ. ಊರಿನ ಇಪ್ಪತ್ತು ಮನೆಯ ಹೆಂಗಸರು ಒಂದೇ ದಿನ ಹಾಗೆ ಕೂತರೆ ಅದು ಪದ್ಧತಿ. ಹೆಂಗಸು ಕೊನೆಗೆ ಉಣ್ಣಬೇಕೆಂಬ ಪದ್ಧತಿಯೂ ಮನುಷ್ಯರು ಮಾಡಿದ್ದೇ, ಮನುಷ್ಯರೇ ಬದಲಿಸಬೇಕು. ಇಂದು ರಾತ್ರಿ ಬಡಿಸುವಾಗ ಪಾತ್ರೆಯ ತಳಕ್ಕೆ ಸೌಟು ಹೋಗುವ ಮುಂಚೆ ಒಂದು ಸಲ ಎಣಿಸಿ ನೋಡಿ: ಈ ಮನೆಯಲ್ಲಿ ಉಣ್ಣಬೇಕಾದವರು ಎಷ್ಟು ಮಂದಿ? ಆ ಎಣಿಕೆಯಲ್ಲಿ ನಿಮ್ಮನ್ನೂ ಸೇರಿಸಿಕೊಳ್ಳಿ.